ರಟ್ಟು, ಅಡಿಕೆ ಹಾಳೆ, ಸೋಡಾ ಮುಚ್ಚಳದ ಪುಟ್ಟ ಪಟಗಳು: ಮಳೆಗಾಲಕ್ಕೆ ಸೊಟ್ಟಗಾಗುತ್ತವೆ, ಬೂಷ್ಟು ಹಿಡಿಯುತ್ತವೆ

ರಟ್ಟಿನಡಬ್ಬಿ (ತೀರ್ಥಹಳ್ಳಿ)

ನಮಸ್ಕಾರ. ಎಸೆಯೋ ಸಾಮಾನಿನಿಂದ 6 ಇಂಚು ಚೌಕದ ಗೋಡೆಪಟ ಮಾಡುವ ಬಗ್ಗೆ ಗೊತ್ತಿರುವವರ ಸಲಹೆ ಬೇಕಿತ್ತು. ಈಗಿನ ಕ್ರಮ ಹೀಗಿದೆ. ತಳಕ್ಕೆ ಅಂಗಡಿಯ ದೊಡ್ಡ ಡಬ್ಬದ 5 ಪದರದ ರಟ್ಟು. ಮುಖಕ್ಕೆ ಹಳೇ ಲಗ್ನಪತ್ರಿಕೆ ಮತ್ತು ನ್ಯೂಸ್‌ಪೇಪರ್ ಚೂರು, ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅಂಟಿಸಿದ್ದು. ಅದರ ಮೇಲೆ ಕತ್ತರಿಸಿದ ಅಡಿಕೆ ಹಾಳೆ, ತಟ್ಟಿ ಚಪ್ಪಟೆ ಮಾಡಿದ ಸೋಡಾ ಮುಚ್ಚಳ, ಸುಟ್ಟುಹೋದ ಪಂಪ್‌ಸೆಟ್ ಮೋಟರಿನ ತಾಮ್ರದ ತಂತಿ, ತೋಟದಲ್ಲಿ ಹರಿದು ಬಿದ್ದ ಕೊಟ್ಟೆ ಪ್ಲಾಸ್ಟಿಕ್ (ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕಟ್ಟೋ ಹೊದಿಕೆ). ಬಣ್ಣ ಕೆಮ್ಮಣ್ಣು ಮತ್ತು ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು).

ಬೇಸಿಗೆಯಲ್ಲಿ ನೋಡೋಕೆ ಚೆನ್ನಾಗಿರುತ್ತೆ. ಜೂನ್ ಕಳೆಯೋದರೊಳಗೆ ರಟ್ಟು ದೋಣಿ ಥರ ಮುಂದಕ್ಕೆ ಬಾಗುತ್ತೆ, ಹಾಳೆ ಒಂದು ಅಂಚಿನಲ್ಲಿ ಎದ್ದು ನಿಲ್ಲುತ್ತೆ, ಮುಚ್ಚಳದ ಸುತ್ತ ಕಾಗದದ ಮೇಲೆ ಕಂದು ತುಕ್ಕಿನ ಉಂಗುರ ಮೂಡುತ್ತೆ, ಹಾಳೆಯ ಒಳಮೈ ಮೇಲೆ ಬಿಳಿ ಬೂಷ್ಟು. ಪ್ಲಾಸ್ಟಿಕ್ ಅಂತೂ ಯಾವ ಅಂಟಿಗೂ ನಿಲ್ಲಲ್ಲ. ಮೇಲೆ ಸ್ಪಿರಿಟ್ ವಾರ್ನಿಶ್ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತೆ.

ಇದಕ್ಕೆಲ್ಲ ಒಂದೇ ಅಂಟು ಅಂತ ಇದೆಯಾ? ಮೈದಾ ಗೋಂದಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿದರೆ ಬೂಷ್ಟು ಬರಲ್ಲ ಅಂತಾರೆ, ಅದು ಸರಿಯಾ?

ಬೈಂಡಿಂಗ್_ಮೇಜು

ಒಂದೇ ಅಂಟು ಹುಡುಕೋದನ್ನ ಮೊದಲು ಬಿಡಿ. ನಿಮ್ಮ ಪಟದಲ್ಲಿ ಕಾಗದ, ನಾರು, ಕಬ್ಬಿಣ, ಪ್ಲಾಸ್ಟಿಕ್ ನಾಲ್ಕೂ ಇವೆ. ತೇವ ಬಂದಾಗ ನಾಲ್ಕೂ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ನಾನು ರಟ್ಟಿನ ವಿಷಯ ಮಾತ್ರ ಹೇಳ್ತೀನಿ, ಉಳಿದದ್ದು ಬೇರೆಯವರು ಹೇಳಲಿ.

ರಟ್ಟು ಬಾಗೋದು ಮಳೆಯಿಂದ ಅಂತ ನಿಮಗೆ ಅನ್ನಿಸಿದೆ. ತಪ್ಪು ಆಗಿರೋದು ಅಂಟಿಸೋ ದಿನವೇ. ಒದ್ದೆ ಅಂಟು ತಾಗಿದಾಗ ಕಾಗದ ಹಿಗ್ಗುತ್ತೆ, ಒಣಗುವಾಗ ಕುಗ್ಗುತ್ತೆ, ಕುಗ್ಗುವಾಗ ತನ್ನ ಕಡೆಗೆ ರಟ್ಟನ್ನು ಎಳೆಯುತ್ತೆ. ನೀವು ಮುಖಕ್ಕೆ ಮಾತ್ರ ಅಂಟಿಸಿದ್ದೀರಿ, ಹಿಂದೆ ಬರಿದು. ಎಳೆತ ಒಂದೇ ಕಡೆ ಇದ್ದರೆ ದೋಣಿಯಾಗದೆ ಇನ್ನೇನಾಗುತ್ತೆ? ಮಳೆಗಾಲದಲ್ಲಿ ಬರಿ ಇರೋ ಹಿಂಭಾಗ ತೇವ ಕುಡಿದು ಹಿಗ್ಗುತ್ತೆ, ಬಾಗು ಇನ್ನೂ ಜಾಸ್ತಿ ಆಗುತ್ತೆ.

ಪರಿಹಾರ ಬೈಂಡಿಂಗ್ ಮಾಡೋರ ಹಳೇ ಕ್ರಮ. ಮುಖಕ್ಕೆ ಎಷ್ಟು ಪದರ ಕಾಗದವೋ ಹಿಂದಕ್ಕೂ ಅಷ್ಟೇ, ಅದೇ ದಪ್ಪದ್ದು, ಅದೇ ಅಂಟಿನಲ್ಲಿ, ಅದೇ ದಿನ. ಮುಂದೆ ಲಗ್ನಪತ್ರಿಕೆ, ಹಿಂದೆ ತೆಳು ನ್ಯೂಸ್‌ಪೇಪರ್ ಹಾಕಿದರೆ ಸಮ ಆಗಲ್ಲ. ಕಾಗದದ ಎಳೆಯ ದಿಕ್ಕು ಎರಡೂ ಕಡೆ ಒಂದೇ ಇರಬೇಕು. ಎಳೆ ನೋಡೋದು ಸುಲಭ: ಕಾಗದ ಹರಿದು ನೋಡಿ, ನೇರವಾಗಿ ಹರಿಯೋ ದಿಕ್ಕೇ ಎಳೆ. ಅಡ್ಡಕ್ಕೆ ಹರಿದರೆ ಸೊಟ್ಟಸೊಟ್ಟ ಹೋಗುತ್ತೆ.

5 ಪದರದ ಒಂದು ರಟ್ಟಿಗಿಂತ 3 ಪದರದ ಎರಡು ರಟ್ಟು ವಾಸಿ. ಒಂದರ ಅಲೆಗಳು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರೋ ಹಾಗೆ ಅಂಟಿಸಿ. ನಡುವೆ ಫೆವಿಕಾಲ್‌ಗೆ ನೀರು ಬೆರೆಸಬೇಡಿ, ರೋಲರಿನಿಂದ ಅಥವಾ ಹಳೇ ಎಟಿಎಂ ಕಾರ್ಡಿನಿಂದ ತೆಳ್ಳಗೆ ಎಳೆಯಿರಿ. ಮುಖದ ಕಾಗದಕ್ಕೂ ಅರ್ಧಕ್ಕರ್ಧ ನೀರು ತುಂಬಾ ಹೆಚ್ಚಾಯ್ತು. 4 ಭಾಗ ಫೆವಿಕಾಲ್‌ಗೆ 1 ಭಾಗ ನೀರು ಸಾಕು. ನೀರು ಜಾಸ್ತಿ ಆದಷ್ಟೂ ಕಾಗದ ಜಾಸ್ತಿ ಹಿಗ್ಗುತ್ತೆ, ಹಿಗ್ಗಿದಷ್ಟೂ ಕುಗ್ಗುತ್ತೆ.

ಆಮೇಲೆ ಭಾರ. ಪಟದ ಎರಡೂ ಕಡೆ ಪ್ಲಾಸ್ಟಿಕ್ ಹಾಳೆ ಇಟ್ಟರೆ ನೀರು ಒಳಗೇ ಉಳಿಯುತ್ತೆ. ಹಳೇ ಕಾಟನ್ ಪಂಚೆ, ಅದರ ಮೇಲೆ ನ್ಯೂಸ್‌ಪೇಪರ್, ಅದರ ಮೇಲೆ ಹಲಗೆ, ಹಲಗೆ ಮೇಲೆ 8-10 ಕೆಜಿ. ಪೇಪರನ್ನು 2 ಗಂಟೆಗೊಮ್ಮೆ, ಕೊನೇಪಕ್ಷ ಮೊದಲ ದಿನ, ಬದಲಾಯಿಸಿ. ಬೇಸಿಗೆಯಲ್ಲಿ 1 ದಿನ ಸಾಕು, ಆಗುಂಬೆ ಕಡೆಯ ಆಷಾಢದಲ್ಲಿ 4 ದಿನವೂ ಸಾಲದು. ಹೊರಗೆ ಒಣಗಿದ ಹಾಗೆ ಕಂಡರೂ ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ಅಂಚು ಮರೆಯಬೇಡಿ. ಅಲೆಗಳ ಬಾಯಿ ತೆರೆದಿದ್ದರೆ ತೇವಕ್ಕೆ ಅದೇ ಹೆಬ್ಬಾಗಿಲು. 1 ಇಂಚು ಅಗಲದ ಕಾಗದದ ಪಟ್ಟಿ ಸುತ್ತಿ ಅಂಟಿಸಿ. ಜಿರಲೆ ಮೊಟ್ಟೆ ಇಡೋದೂ ಅಲ್ಲೇ.

ಹಾಳೆಟೋಪಿ

ಬೈಂಡಿಂಗಿನವರು ಹೇಳಿದ್ದು ಸರಿ. ಆದರೆ ಹಾಳೆಗೆ ಆ ಲೆಕ್ಕ ನಡೆಯಲ್ಲ ಮಾರಾಯ್ರೆ. ಹಾಳೆಯ ನಾರು ಪೂರಾ ಉದ್ದಕ್ಕೇ ಇರೋದು. ತೇವ ಬಂದರೆ ಉದ್ದದಲ್ಲಿ ಏನೂ ಆಗಲ್ಲ, ಅಗಲದಲ್ಲಿ ಮಾತ್ರ ಹಿಗ್ಗುತ್ತೆ. ಅದನ್ನು ಪೂರ್ತಿ ಮೈಗೆ ಫೆವಿಕಾಲ್ ಬಳಿದು ರಟ್ಟಿಗೆ ಕಟ್ಟಿಹಾಕಿದರೆ ಏಳಲೇಬೇಕು. ಹಾಳೆ ಗೆಲ್ಲುತ್ತೆ, ರಟ್ಟಿನ ಮೇಲ್ಪದರವನ್ನೂ ಕಿತ್ತುಕೊಂಡೇ ಏಳುತ್ತೆ.

ಹಾಳೆಗೆ ಅಲ್ಲಾಡೋಕೆ ಜಾಗ ಬಿಡಿ. 3 ಇಂಚು ಅಗಲದ ತುಂಡಾದರೆ ನಟ್ಟನಡುವೆ ಉದ್ದಕ್ಕೆ ಅರ್ಧ ಇಂಚಿನ ಒಂದೇ ಪಟ್ಟಿ ಅಂಟು, ಎರಡು ಅಂಚೂ ಬಿಡುಗಡೆ. ಅಂಚು ಹಾರಾಡಬಾರದು ಅಂದರೆ ದಬ್ಬಣದಲ್ಲಿ ತೂತು ಮಾಡಿ ಮೇಣ ಸವರಿದ ದಾರದಲ್ಲಿ ಸಡಿಲವಾಗಿ ಹೊಲಿಯಿರಿ. ತೂತು ದಾರಕ್ಕಿಂತ ಸ್ವಲ್ಪ ದೊಡ್ಡದಿರಲಿ. ಹೊಲಿಗೆ ನಾರಿಗೆ ಅಡ್ಡ ಬರಬೇಕು. ನಾರಿನ ಉದ್ದಕ್ಕೇ ಸಾಲಾಗಿ ತೂತು ಮಾಡಿದರೆ ಅಂಚೆಚೀಟಿ ಹರಿದ ಹಾಗೆ ಸೀಳಿಹೋಗುತ್ತೆ.

ಹಾಳೆ ಆರಿಸೋದರಲ್ಲೇ ಅರ್ಧ ಕೆಲಸ ಇದೆ. ಮಳೆಯಲ್ಲಿ ನೆನೆದು ಬಿದ್ದ ಹಾಳೆಯ ಒಳಗೆ ಬೂಷ್ಟಿನ ಬೇರು ಆಗಲೇ ಇಳಿದಿರುತ್ತೆ, ಕಪ್ಪು ಚುಕ್ಕಿ ಕಂಡರೆ ಗೊಬ್ಬರದ ಗುಂಡಿಗೆ ಹಾಕಿ. ಫೆಬ್ರವರಿಯಿಂದ ಮೇ ಒಳಗೆ, ಬಿದ್ದ ಒಂದೆರಡು ದಿನದಲ್ಲೇ ಎತ್ತಿ ತಂದದ್ದು ಒಳ್ಳೇದು. ಮೊದಲು ತಣ್ಣೀರಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ, ಬಳ್ಳಿಯ ಥರ ಬಗ್ಗೋ ಹಾಗಾದ ಮೇಲೆ ತೆಂಗಿನ ನಾರಿನಿಂದ ಎರಡೂ ಮೈ ಉಜ್ಜಿ. ಒಳಮೈ ಮೇಲೆ ತೆಳ್ಳಗೆ ಒಂದು ಪೊರೆ ಇರುತ್ತೆ. ಅಂಟು ಹಾಕೋ ಜಾಗದಲ್ಲಿ ಅದನ್ನು ಎತ್ತಿಬಿಡಿ, ಇಲ್ಲಾಂದ್ರೆ ಅಂಟು ಪೊರೆಗೆ ಕಚ್ಚುತ್ತೆ, ಪೊರೆ ಹಾಳೆಯಿಂದ ಬಿಡುತ್ತೆ. ನಡುವಿನ ದಪ್ಪ ಭಾಗವನ್ನೂ ಅಂಚಿನ ತೆಳು ಭಾಗವನ್ನೂ ಒಂದೇ ತುಂಡಲ್ಲಿ ಕತ್ತರಿಸಬೇಡಿ, ಒಣಗುವಾಗ ತಿರುಚುತ್ತೆ.

ಒದ್ದೆ ಇರುವಾಗಲೇ ಎರಡು ಕಾಟನ್ ಬಟ್ಟೆ ನಡುವೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿ, ಕಾಟನ್ ಬಿಸಿಯಲ್ಲೇ, ಒಂದು ಜಾಗಕ್ಕೆ 15-20 ಸೆಕೆಂಡು. ಹಬೆ ಏಳೋದು ನಿಲ್ಲುವವರೆಗೆ. ಹಾಳೆ ತಟ್ಟೆ ಮಾಡೋ ಯಂತ್ರವೂ ಮಾಡೋದು ಇದೇ ಕೆಲಸ, ಬಿಸಿ ಮತ್ತು ಒತ್ತಡ. ಆಮೇಲೆ ಭಾರದ ಕೆಳಗೆ 3 ದಿನ. ಅರಿಶಿಣ ಬಳಿದರೆ ಬೂಷ್ಟು ಬರಲ್ಲ ಅನ್ನೋದನ್ನ ನಂಬಬೇಡಿ, ಬಣ್ಣವೂ ಬಿಸಿಲಿಗೆ ಹೋಗುತ್ತೆ, ಬೂಷ್ಟೂ ಬರುತ್ತೆ.

ರಟ್ಟಿನಡಬ್ಬಿ (ತೀರ್ಥಹಳ್ಳಿ)

ಇಬ್ಬರಿಗೂ ಧನ್ಯವಾದ. ಹಿಂಭಾಗಕ್ಕೆ ಕಾಗದ ಹಾಕೋದು ಹೊಳೆದೇ ಇರಲಿಲ್ಲ. ಒಣಗಿಸೋಕೆ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಡಬಹುದಾ? ಮುಚ್ಚಳ, ಪ್ಲಾಸ್ಟಿಕ್ ಬಗ್ಗೆ ಯಾರಾದರೂ ಹೇಳಿ. ಸೋಡಾ ಮುಚ್ಚಳಕ್ಕೂ ಫೆವಿಕಾಲೇ ಹಾಕಿದ್ದು.

ಗುಜರಿಗುಡ್ಡ

ಬಚ್ಚಲೊಲೆ ಅಟ್ಟ ಹಾಳೆ ಕೂಡಿಡೋಕೆ ಬಹಳ ಚೆನ್ನ, ಮುಗಿದ ಪಟಕ್ಕೆ ಬೇಡ. ಹೊಗೆಯ ಜಿಡ್ಡು ಕೂತು ಬಣ್ಣ ಹಳದಿಯಾಗುತ್ತೆ. ಮೇಲಾಗಿ ಬಿಸಿ ಕೆಳಗಿನಿಂದ ಮಾತ್ರ ತಾಗಿ ಒಂದು ಮೈ ಬೇಗ ಒಣಗುತ್ತೆ, ಮತ್ತೆ ದೋಣಿ.

ಇನ್ನು ತುಕ್ಕಿನ ಉಂಗುರ. ಫೆವಿಕಾಲ್ ನೀರಿನ ಅಂಟು. ಮುಚ್ಚಳದ ತಗಡು ಕಬ್ಬಿಣ, ಮೇಲೆ ತೆಳು ಲೇಪ ಅಷ್ಟೇ. ಸುತ್ತಿಗೆಯಲ್ಲಿ ತಟ್ಟಿದಾಗ ಲೇಪ ಬಿರಿಯುತ್ತೆ, ಬಿರಿದ ಜಾಗಕ್ಕೆ ನೀವೇ ಒದ್ದೆ ಅಂಟು ಹಚ್ಚಿದಿರಿ. ಒಣಗೋದರೊಳಗೆ ತುಕ್ಕು ಶುರು. ತುಕ್ಕು ಬರಿಸಿದ್ದು ಮಳೆಯಲ್ಲ, ಅಂಟು. ಅದೂ ಸಾಲದು ಅಂತ ಫೆವಿಕಾಲ್ ಲೋಹಕ್ಕೆ ಸರಿಯಾಗಿ ಕಚ್ಚೋದೂ ಇಲ್ಲ, ನೀರು ಆರಿ ಹೋಗೋಕೆ ಒಂದು ಕಡೆಯಾದರೂ ನೀರು ಹೀರೋ ವಸ್ತು ಬೇಕು, ಮತ್ತು ಅದು ಕಚ್ಚೋದು ನಾರಿನ ಸಂದಿಗೆ.

ಮುಚ್ಚಳದ ಕ್ರಮ: ಒಳಗಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಕುದಿಯೋ ನೀರಲ್ಲಿ 5 ನಿಮಿಷ ಬಿಟ್ಟು ಮೊಳೆಯ ತುದಿಯಿಂದ ಎಬ್ಬಿಸಿ. ಬಿಲ್ಲೆ ಬಿಟ್ಟರೆ ಅದರ ಅಡಿ ನೀರು ನಿಂತು ಹಿಂದಿನಿಂದ ತುಕ್ಕು ತಿನ್ನುತ್ತೆ. ಮರದ ದಿಮ್ಮಿ ಮೇಲೆ ತಟ್ಟಿ, ಕಲ್ಲಿನ ಮೇಲೆ ಬೇಡ. 120 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಹಿಂಬದಿ ಗೀರಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಎರಡೂ ಮೈಗೆ ಮತ್ತು ಅಂಚಿಗೆ ಕ್ಲಿಯರ್ ಲ್ಯಾಕರ್ 2 ಕೋಟ್. ತುಕ್ಕಿನ ಬಣ್ಣವೇ ಬೇಕಿದ್ದರೆ ಮೊದಲು ತುಕ್ಕು ಹಿಡಿಸಿ, ಉದುರೋ ಪುಡಿಯನ್ನು ತಂತಿ ಬ್ರಷ್ಷಿನಲ್ಲಿ ತೆಗೆದು, ಪೂರ್ತಿ ಒಣಗಿದ ಮೇಲೆ ಲ್ಯಾಕರ್ ಹೊಡೆಯಿರಿ. ಆಮೇಲೆ ಅರಾಲ್ಡೈಟ್. ಎರಡು ಟ್ಯೂಬಿನಿಂದ ಸಮಸಮ, ಕಣ್ಣಳತೆಯಲ್ಲಿ ಅಲ್ಲ, ಎರಡು ಗೆರೆ ಒಂದೇ ಉದ್ದಕ್ಕೆ ಎಳೆದು ಕಲೆಸಿ. ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತೆ ಅನ್ನೋದು ಭ್ರಮೆ, ಅದು ಯಾವತ್ತೂ ಗಟ್ಟಿಯಾಗದೆ ಬೆಲ್ಲದ ಪಾಕದ ಥರ ಉಳಿಯುತ್ತೆ. ಮಾಮೂಲಿ ಅರಾಲ್ಡೈಟ್‌ಗೆ ಒಂದು ರಾತ್ರಿ ಬೇಕು, ಚಳಿಯಿದ್ದರೆ ಇನ್ನೂ ಜಾಸ್ತಿ.

ಅಥವಾ ಅಂಟೇ ಬೇಡ. ಮುಚ್ಚಳಕ್ಕೆ ಎರಡು ತೂತು ಹೊಡೆದು ನಿಮ್ಮದೇ ವೈಂಡಿಂಗ್ ತಂತಿಯಲ್ಲಿ ರಟ್ಟಿಗೆ ಕಟ್ಟಿ ಹಿಂದೆ ತಿರುಚಿ. ನನ್ನ ಪ್ರಕಾರ ಇದೇ ಒಳ್ಳೇದು, ಕಟ್ಟಿದ್ದು ಕಾಣೋದೂ ಚೆಂದ. ಆದರೆ ತಂತಿಯ ಮೇಲಿನ ಎನಾಮಲ್ ಕೆರೆಯಬೇಡಿ. ಬರಿ ತಾಮ್ರ, ಬರಿ ಕಬ್ಬಿಣ, ಮಧ್ಯೆ ತೇವ ಮೂರೂ ಸೇರಿದರೆ ಕಬ್ಬಿಣ ಬೇಗ ಕರಗುತ್ತೆ. ಫೆವಿಕ್ವಿಕ್ ಬೇಡವೇ ಬೇಡ, ಜಾಸ್ತಿ ಹಾಕಿದರೆ ತೇವದ ಗಾಳಿಗೆ ಸುತ್ತಲೂ ಬೂದಿ ಎರಚಿದ ಹಾಗೆ ಬಿಳಿಯಾಗುತ್ತೆ.

ಕೊಟ್ಟೆ ಪಾಲಿಥಿನ್. ಅದಕ್ಕೆ ಮನೆಯಲ್ಲಿ ಸಿಗೋ ಯಾವ ಅಂಟೂ ಹಿಡಿಯಲ್ಲ, ದುಡ್ಡು ಹಾಳು ಮಾಡಬೇಡಿ. ಡ್ರಿಪ್ ಪೈಪೂ ಅದೇ ಜಾತಿ. ಪಾಲಿಥಿನ್ ಪಾಲಿಥಿನ್‌ಗೆ ಮಾತ್ರ ಬಿಸಿಯಲ್ಲಿ ಬೆಸೆಯುತ್ತೆ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ (ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ನೀಲಿ ಕಲೆ ಇದ್ದರೆ ಎರಡು ಸಲ), 6 ರಿಂದ 8 ಪದರ ಜೋಡಿಸಿ, ಮೇಲೆ ಕೆಳಗೆ ಬಟರ್ ಪೇಪರ್ ಇಟ್ಟು ಇಸ್ತ್ರಿಪೆಟ್ಟಿಗೆಯನ್ನು ಸಿಲ್ಕಿನ ಬಿಸಿಗೆ ಇಟ್ಟು ನಿಧಾನಕ್ಕೆ ಆಡಿಸಿ. ಸುಕ್ಕಾಗಿ ತೂತು ಬಿದ್ದರೆ ಬಿಸಿ ಜಾಸ್ತಿ, ಪದರ ಬಿಟ್ಟುಕೊಂಡರೆ ಕಮ್ಮಿ. ನಡುವೆ ಬಣ್ಣದ ಕವರಿನ ಚೂರು ಇಟ್ಟರೆ ಒಳಗೇ ಚಿತ್ರ ಸೇರಿಹೋಗುತ್ತೆ. ತಣ್ಣಗಾದ ಮೇಲೆ ಚರ್ಮದ ಥರ ಆಗುತ್ತೆ, ಕತ್ತರಿಸಿ ಹೊಲಿಯಿರಿ. ಕಿಟಕಿ ತೆಗೆದಿಟ್ಟು ಮಾಡಿ. ಫ್ಲೆಕ್ಸ್ ಬ್ಯಾನರಿಗೆ ಮಾತ್ರ ಇಸ್ತ್ರಿ ತಾಗಿಸಬೇಡಿ, ಅದು ಪಿವಿಸಿ, ಬಿಸಿ ಹೆಚ್ಚಾದರೆ ಬರೋ ಹೊಗೆ ಆಮ್ಲದ್ದು, ಗಂಟಲು ಸುಡುತ್ತೆ.

ಕೆಮ್ಮಣ್ಣಿನಬಟ್ಟಲು (ಸಾಗರ)

ಬಣ್ಣದ ಬಗ್ಗೆ ಯಾರೂ ಹೇಳಿಲ್ಲ. ಕೆಮ್ಮಣ್ಣು ಮುಟ್ಟಿದರೆ ಕೈಗೆ ಬರುತ್ತಾ? ಬಂದರೆ ಅಂಟು ಕಮ್ಮಿ ಅಥವಾ ಮಣ್ಣು ದಪ್ಪ. ಜರಡಿ ಹಿಡಿದರೆ ಸಾಲದು. ಒಂದು ಬಕೆಟ್ ನೀರಿಗೆ ಎರಡು ಹಿಡಿ ಮಣ್ಣು ಹಾಕಿ ಕದಡಿ, ಅರ್ಧ ನಿಮಿಷ ಬಿಡಿ, ಮರಳು ತಳಕ್ಕೆ ಇಳಿಯುತ್ತೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿ ಇಟ್ಟು ಬೆಳಿಗ್ಗೆ ತಿಳಿನೀರು ಚೆಲ್ಲಿ. ಉಳಿದ ನುಣ್ಣನೆ ಕೆಸರಿಗೆ, 3 ಚಮಚಕ್ಕೆ 1 ಚಮಚ ಫೆವಿಕಾಲ್. ಅದಕ್ಕಿಂತ ಜಾಸ್ತಿಯಾದರೆ ಮಣ್ಣಿನ ಮಂದ ಕಳೆ ಹೋಗಿ ಪ್ಲಾಸ್ಟಿಕ್ ಮಿಂಚು ಬರುತ್ತೆ. ತೆಳ್ಳಗೆ ಎರಡು ಕೈ ಬಳಿಯಿರಿ, ದಪ್ಪಗೆ ಒಂದೇ ಕೈ ಬಳಿದರೆ ಬಿರುಕು.

ನಮ್ಮ ಕಡೆ ದೀವರ ಸಮುದಾಯದವರು ಗೋಡೆಗೆ ಬರೆಯೋ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರೆ, ಪುಂಡಿ ನಾರಿನ ಕುಂಚದಲ್ಲಿ. ಆ ಕುಂಚ ನಿಮಗೂ ಉಪಯೋಗ. ನಾರಿನ ತುದಿಯನ್ನು ಜಜ್ಜಿ ಬಿಡಿಸಿದರೆ ಹಾಳೆಯ ಒರಟು ಮೈ ಮೇಲೂ ಕಡ್ಡಿಯಷ್ಟು ಸಣ್ಣ ಗೆರೆ ಬರುತ್ತೆ. ಅಕ್ಕಿ ಹಿಟ್ಟಿನ ಬಿಳಿಯನ್ನು ಮಾತ್ರ ಮಳೆಗಾಲದ ಪಟಕ್ಕೆ ಬಳಸಬೇಡಿ, ಬೂಷ್ಟಿಗೆ ಅದು ಊಟ. ಸುಣ್ಣ ಅಥವಾ ಅಂಗಡಿಯ ಬಿಳಿ ಎಮಲ್ಶನ್ ಹಾಕಿ.

ಚೊಗರು ಗಟ್ಟಿ ಇದ್ದರೆ 1 ಭಾಗಕ್ಕೆ 3 ಭಾಗ ನೀರು, ಬಟ್ಟೆಯಲ್ಲಿ ಸೋಸಿ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಕೈಮಗ್ಗ ಸಂಘದವರು ಬಟ್ಟೆಗೆ ಬಣ್ಣ ಹಾಕೋದೂ ಇದೇ ಚೊಗರಿನಿಂದ. ಹಾಳೆಗೆ ಅದು ಇನ್ನೂ ಚೆನ್ನಾಗಿ ಹಿಡಿಯುತ್ತೆ. ಕಪ್ಪು ಬೇಕಾದರೆ ಪೇಂಟ್ ಕೊಳ್ಳೋದೇ ಬೇಡ: ಒಂದು ಹಿಡಿ ತುಕ್ಕು ಮೊಳೆಯನ್ನು ಕಾಲು ಲೀಟರ್ ವಿನೆಗರಿನಲ್ಲಿ ಒಂದು ವಾರ ಬಿಡಿ, ಮುಚ್ಚಳ ಬಿಗಿ ಮಾಡಬೇಡಿ, ಗಾಳಿ ಹುಟ್ಟುತ್ತೆ. ಹಾಳೆಗೆ ಮೊದಲು ಚೊಗರು ಬಳಿದು ಒಣಗಿಸಿ, ಮೇಲೆ ಈ ಕಬ್ಬಿಣದ ನೀರು ಸವರಿದರೆ ನೋಡನೋಡುತ್ತಾ ಕಪ್ಪಾಗುತ್ತೆ. ಅಣಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ಮಾಡುತ್ತಿದ್ದದ್ದೂ ಇದೇ ಗುಟ್ಟು, ಒಗರು ಮತ್ತು ಕಬ್ಬಿಣ. ಹಾಳೆಗೆ, ಮರಕ್ಕೆ ಸರಿ. ತೆಳು ಕಾಗದಕ್ಕೆ ಬೇಡ, ವರ್ಷಗಳಲ್ಲಿ ಕಾಗದವನ್ನು ತಿಂದು ಪುಡಿ ಮಾಡುತ್ತೆ. ಚೊಗರು ಬಳಿದ ಕಡೆ ಬರಿ ಕಬ್ಬಿಣದ ಮುಚ್ಚಳ ಇಟ್ಟರೂ ಸುತ್ತ ಕಪ್ಪು ಕಲೆ ಬರುತ್ತೆ, ನಿಮ್ಮ ಉಂಗುರಗಳಲ್ಲಿ ಕೆಲವು ಇದೇ ಇರಬೇಕು. ಕಂದು ಇದ್ದರೆ ತುಕ್ಕು, ನೀಲಿಗಪ್ಪು ಇದ್ದರೆ ಚೊಗರು.

ಮೈಲುತುತ್ತದ ಪ್ರಶ್ನೆಗೆ: ಹೌದು, ಕೆಲಸ ಮಾಡುತ್ತೆ. ಬೈಂಡಿಂಗ್ ಗೋಂದಿಗೆ ಹಿಂದಿನಿಂದಲೂ ಹಾಕ್ತಾರೆ, ಕಾಲು ಕೆಜಿ ಮೈದಾಕ್ಕೆ ಒಂದು ಚಿಟಿಕೆ.

ಬೈಂಡಿಂಗ್_ಮೇಜು

ಹಾಕ್ತಾರೆ ನಿಜ, ಈ ಪಟಕ್ಕೆ ಹಾಕಬಾರದು. ಮೈಲುತುತ್ತ ಕಬ್ಬಿಣಕ್ಕೆ ತಾಗಿದರೆ ತಾಮ್ರ ಕಬ್ಬಿಣದ ಮೇಲೆ ಕೂರುತ್ತೆ, ಕಬ್ಬಿಣ ಕರಗುತ್ತೆ. ಮೊಳೆಯೊಂದನ್ನು ಮೈಲುತುತ್ತದ ನೀರಲ್ಲಿ ಅದ್ದಿ ನೋಡಿ, ಕೆಂಪಾಗುತ್ತೆ. ಮುಚ್ಚಳ, ತಗಡು ಇರೋ ಪಟಕ್ಕೆ ತುಕ್ಕನ್ನು ಕರೆದು ಕೂರಿಸಿದ ಹಾಗೆ. ಅದು ವಿಷ ಕೂಡ. ಮಕ್ಕಳ ಕೈಗೆ ಸಿಗೋ ವಸ್ತುವಿಗೆ, ಅಡುಗೆ ಪಾತ್ರೆಯಲ್ಲಿ ಕಾಯಿಸೋ ಗೋಂದಿಗೆ ಬೇಡ. ನಿಜ ಹೇಳಬೇಕು ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾ ಗೋಂದೇ ಬೇಡ. ಬೇಸಿಗೆಯಲ್ಲಿ ಮಾಡೋದಾದರೆ 1 ಲೋಟ ಮೈದಾ, 5 ಲೋಟ ನೀರು, ಗಂಟಿಲ್ಲದ ಹಾಗೆ ಕದಡಿ, ಬಿಳಿ ಹೋಗಿ ಗಾಜಿನ ಥರ ಆಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ, ಆರಿದ ಮೇಲೆ ಲವಂಗದ ಎಣ್ಣೆ ನಾಲ್ಕೈದು ಹನಿ. 3 ದಿನದೊಳಗೆ ಖಾಲಿ ಮಾಡಿ.

ಕೆಮ್ಮಣ್ಣಿನಬಟ್ಟಲು (ಸಾಗರ)

ಮುಚ್ಚಳದ ವಿಷಯ ಒಪ್ಪಿದೆ. ಬರೀ ಕಾಗದ, ಹಾಳೆಯ ಪಟಕ್ಕೆ ಈಗಲೂ ನನ್ನ ಮತ ಮೈಲುತುತ್ತಕ್ಕೇ, ಹಳೇ ಡಬ್ಬಿಯಲ್ಲಿ ಬೇರೆಯಾಗಿ ಕರಗಿಸಿಕೊಂಡರೆ ಆಯ್ತು.

ವಾರ್ನಿಶ್ ಬೆಳ್ಳಗಾಗೋದು ಬೇರೆ ಕತೆ. ಸ್ಪಿರಿಟ್ ಹಾರುವಾಗ ಮೈ ತಣ್ಣಗಾಗುತ್ತೆ, ಗಾಳಿಯ ನೀರು ಅದರ ಮೇಲೆ ಇಬ್ಬನಿಯ ಥರ ಕೂತು ಪದರದೊಳಗೆ ಸಿಕ್ಕಿಹಾಕಿಕೊಳ್ಳುತ್ತೆ. ಮಳೆ ಸುರಿಯೋ ದಿನ ಹೊಡೆಯಬೇಡಿ. ಈಗಾಗಲೇ ಬೆಳ್ಳಗಾದದ್ದಕ್ಕೆ ಬಿಸಿಲು ಬಿದ್ದ ದಿನ ಬರಿ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದೇ ಸಲ ಹಗುರವಾಗಿ ಎಳೆಯಿರಿ, ಬಹಳಷ್ಟು ತಿಳಿಯಾಗುತ್ತೆ. ಎರಡು ಮೂರು ಸಲ ಎಳೆದರೆ ವಾರ್ನಿಶ್ ಕೆಳಗಿನ ಬಣ್ಣವೂ ಬಟ್ಟೆಗೆ ಬರುತ್ತೆ.

ರಟ್ಟಿನಡಬ್ಬಿ (ತೀರ್ಥಹಳ್ಳಿ)

ಉಂಗುರಗಳನ್ನು ನೋಡಿದೆ. ಆರರಲ್ಲಿ ನಾಲ್ಕು ನೀಲಿಗಪ್ಪು! ಈಗ ಬೂಷ್ಟು ಹಿಡಿದಿರೋ ಪಟಗಳನ್ನು ಉಳಿಸಬಹುದಾ? ಗೋಡೆಗೆ ಹೇಗೆ ಹಾಕೋದು?

ಹಾಳೆಟೋಪಿ

ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬೂಷ್ಟು ನಾರಿನೊಳಗೆ ಇಳಿದು ಬೂದು ಕಲೆಯಾಗಿ ಉಳಿಯುತ್ತೆ. ಫ್ಯಾನಿನ ಕೆಳಗೆ ಎರಡು ದಿನ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಗೆ ತಂದು ಒಣ ಬ್ರಷ್ಷಿನಲ್ಲಿ ಉದುರಿಸಿ. ಆಮೇಲೆ ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ವಾರ್ನಿಶ್ ಇರೋ ಕಡೆ ಸ್ಪಿರಿಟ್ ತಾಗಿಸಬೇಡಿ. ರಟ್ಟಿನ ಒಳಗಿಂದ ಮುಗ್ಗುಲು ವಾಸನೆ ಬರ್ತಿದ್ದರೆ ಆ ತಳ ಹೋಯ್ತು ಅಂತ ತಿಳ್ಕೊಳ್ಳಿ. ಮೇಲಿನ ಸಾಮಾನು ಬಿಡಿಸಿ ಹೊಸ ತಳಕ್ಕೆ ಹಾಕಿ.

ಗೋಡೆಗೆ ತಾಗಿಸಿ ನೇತುಹಾಕಬೇಡಿ. ಮಳೆ ಹೊಡೆಯೋ ಪಡುವಣ ಗೋಡೆಯಂತೂ ಬೇಡವೇ ಬೇಡ. ಹಿಂದೆ ನಾಲ್ಕು ಮೂಲೆಗೆ ಹಳೇ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಅರ್ಧ ಇಂಚಿನ ತುಂಡು ಅಂಟಿಸಿ, ಗಾಳಿ ಆಡುತ್ತೆ. ಗಾಜು ಹಾಕೋದಾದರೆ ಗಾಜು ಹಾಳೆಗೆ ತಾಗದ ಹಾಗೆ ಅಂಚಿಗೆ ರಟ್ಟಿನ ಪಟ್ಟಿ ಕೊಟ್ಟು ಎತ್ತರಿಸಿ.

ಗುಜರಿಗುಡ್ಡ

ಚಪ್ಪಲಿ ತುಂಡಿಗೆ ಫೆವಿಕಾಲ್ ಹಚ್ಚಿ ಮತ್ತೆ ಬಿದ್ದೋಯ್ತು ಅಂತ ಬರೆಯಬೇಡಿ. ಅದಕ್ಕೆ ಚಪ್ಪಲಿ ರಿಪೇರಿಯವರ ಹಳದಿ ರಬ್ಬರ್ ಸಲ್ಯೂಷನ್ನೇ ಬೇಕು. ಎರಡೂ ಮೈಗೆ ತೆಳ್ಳಗೆ ಹಚ್ಚಿ, 10 ನಿಮಿಷ ಬಿಟ್ಟು, ಬೆರಳಿಗೆ ಅಂಟದ ಹಾಗಾದ ಮೇಲೆ ಒತ್ತಿ. ಒಂದು ಸಲ ತಾಗಿದರೆ ಸರಿಸೋಕೆ ಬರಲ್ಲ, ಪೆನ್ಸಿಲ್ ಗುರುತು ಮೊದಲೇ ಹಾಕಿಕೊಳ್ಳಿ.